ಮುಚ್ಚಿಟ್ಟ ಉತ್ತರ

ನಮ್ಮ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡಿಗೆ ಹೋಗುವ ಪ್ರತಿಯೊಂದು ಸಿರಿಂಜಿನ ಲೆಕ್ಕವನ್ನೂ ಇಬ್ಬರು ಮಾಡಬೇಕು. ಮೊದಲನೆಯವರು ಮಗುವಿನ ತೂಕ ನೋಡಿ, ಔಷಧಿ ಎಷ್ಟೆಂದು ಲೆಕ್ಕ ಹಾಕಿ, ಬಂದ ಉತ್ತರದ ಮೇಲೆ ಒಂದು ರಟ್ಟಿನ ಚೂರು ಇಡುತ್ತಾರೆ. ಎರಡನೆಯವರು ಆ ರಟ್ಟನ್ನು ಮುಟ್ಟದೆ ಮೊದಲಿನಿಂದ ತಾವೇ ಲೆಕ್ಕ ಮಾಡುತ್ತಾರೆ. ಆಮೇಲೆ ರಟ್ಟು ಎತ್ತಿ ನೋಡುವುದು. ಎರಡೂ ಒಂದೇ ಆಗಿದ್ದರೆ ಇಬ್ಬರ ಸಹಿ. ಹನ್ನೊಂದು ವರ್ಷದಿಂದ ಔಷಧಿ ಬೆರೆಸುವ ಆ ಕೋಣೆಯಲ್ಲಿ ನನ್ನ ಕೆಲಸ ಇದೇ.

ಈ ವರ್ಷದ ಕೊನೆಗೆ ಕೋಣೆ ಮುಚ್ಚುತ್ತದೆ. ಲೆಕ್ಕವನ್ನೂ ಬೆರೆಸುವುದನ್ನೂ ತಾನೇ ಮಾಡುವ ಯಂತ್ರ ಬರುತ್ತಿದೆ. ನಮ್ಮನ್ನು ಕೆಳಗಿನ ಕೌಂಟರಿಗೆ ಹಾಕುತ್ತಾರೆ. ಟೋಕನ್ ನಂಬರ್ ಕೂಗಿ ಮಾತ್ರೆ ಕೊಡುವುದು. ನನಗೆ ಉಳಿದಿದ್ದ ದಾರಿ ಒಂದೇ, ಔಷಧ ಸುರಕ್ಷತೆಯ ಸ್ನಾತಕೋತ್ತರ ಕೋರ್ಸು. ಆಸ್ಪತ್ರೆಯೇ ಎರಡು ವರ್ಷ ರಜೆ ಕೊಟ್ಟು ಕಳಿಸುತ್ತದೆ, ಆದರೆ ವಯಸ್ಸು ಮೂವತ್ತೈದು ದಾಟಿರಬಾರದು. ನನಗೆ ಮೂವತ್ನಾಲ್ಕೂ ಮುಕ್ಕಾಲು. ಪ್ರವೇಶ ಪರೀಕ್ಷೆಯ ಭಾಷೆಯ ಭಾಗದಲ್ಲಿ ನನಗೆ ತೊಂದರೆ ಇರಲಿಲ್ಲ. ಗಣಿತದ ಅಂಕ ಶುರುವಾಗುವುದೇ ನೂರ ಮೂವತ್ತರಿಂದ, ಮುಗಿಯುವುದು ನೂರ ಎಪ್ಪತ್ತಕ್ಕೆ. ನನಗೆ ನೂರೈವತ್ತೈದು ಬರಬೇಕು. ಮೊದಲ ಸಲ ನೂರ ನಲವತ್ತೇಳು ಬಂತು, ಎರಡನೆಯ ಸಲ ನೂರ ನಲವತ್ತೊಂಬತ್ತು. ಮೂರನೆಯದೇ ಕೊನೆಯದು.

ದಿನವಿಡೀ ಲೆಕ್ಕ ಮಾಡುವವಳಿಗೆ ಗಣಿತ ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತದೆ. ಆದರೆ ಕಂಪ್ಯೂಟರಿನ ಮೇಲೆ ನಡೆಯುವ ಪರೀಕ್ಷೆಯಲ್ಲಿ ಮೂವತ್ತೈದು ನಿಮಿಷಕ್ಕೆ ನಾಲ್ಕು ನಾಲ್ಕು ಆಯ್ಕೆಯ ಇಪ್ಪತ್ತು ಪ್ರಶ್ನೆ. ಒಂದಕ್ಕೆ ಒಂದೂ ಮುಕ್ಕಾಲು ನಿಮಿಷ. ನನಗೆ ಹಿಡಿಯುವುದು ಮೂರೂವರೆ.

ನಾನಿರುವುದು ಅಕ್ಕನ ಮನೆಯಲ್ಲಿ. ಭಾವ ಸಿಟಿ ಬಸ್ಸಿನ ಡ್ರೈವರ್. ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಬಂದವರು ಯೂನಿಫಾರ್ಮ್ ಕೂಡ ಬಿಚ್ಚದೆ, ಅಡುಗೆಮನೆಯ ಮೇಜಿನೆದುರು ಮೊಬೈಲಿನಲ್ಲಿ ಗಡಿಯಾರ ಹಚ್ಚಿ ನನ್ನನ್ನು ಕೂರಿಸುತ್ತಿದ್ದರು.

"ಉಪ್ಪುನೀರಿನ ಲೆಕ್ಕ. ಮೂವತ್ತು ಪರ್ಸೆಂಟಿಂದು ಸ್ವಲ್ಪ, ಹತ್ತು ಪರ್ಸೆಂಟಿಂದು ಸ್ವಲ್ಪ, ಎರಡೂ ಸೇರಿ ಹದಿನೈದು ಪರ್ಸೆಂಟಿನ ಇಪ್ಪತ್ತು ಲೀಟರ್ ಆಗ್ಬೇಕು. ಮೂವತ್ತರದು ಎಷ್ಟು ಲೀಟರ್? ಹೂಂ, ರೈಟ್ ರೈಟ್!"

ಐದು ಎಂದು ನಲವತ್ತು ಸೆಕೆಂಡಿನಲ್ಲಿ ಗೊತ್ತಾಯಿತು. ಹಾಳೆಯ ಅಂಚು ಮಡಚಿ ಆ ಐದನ್ನು ಮುಚ್ಚಿದೆ. ಕೆಳಗೆ ಹೊಸದಾಗಿ ಶುರು ಮಾಡಿದೆ.

ಭಾವ ಚಮಚದಿಂದ ತಟ್ಟೆ ಬಾರಿಸಿದರು. "ಸ್ಟಾಪ್ ಬಂತು, ಇಳಿ."

"ಒಂದೇ ನಿಮಿಷ, ಭಾವ."

"ಒಂದೇ ನಿಮಿಷ ಅಂತೆ! ಹಿಂದೆ ಹನ್ನೊಂದು ಜನ ಬಾಗಿಲಲ್ಲಿ ನಿಂತಿದಾರೆ. ಇಳಿಯಮ್ಮ ತಾಯಿ."

"ಐದು."

"ಮೊದಲು ಬಂದಿದ್ದೆಷ್ಟು?"

"ಐದು."

"ಮತ್ತೆ? ಮೊದಲನೇ ಐದಕ್ಕೇನು ಜ್ವರ ಬಂದಿತ್ತಾ?"

ಒಳಗೆ ಹೊಲಿಗೆ ಯಂತ್ರ ನಿಂತಿತು. "ಅವಳು ಬೀಗ ಹಾಕಿದ್ರೂ ಅಷ್ಟೇ ಕಣ್ರೀ," ಎಂದಳು ಅಕ್ಕ. "ಬೀದಿ ತುದಿಯಿಂದ ವಾಪಸ್ ಬಂದು ಎಳೆದು ನೋಡ್ತಾಳೆ."

"ನಾನೂ ಬ್ರೇಕ್ ಹಾಕೋವಾಗ ಹೀಗೇ ಎರಡೆರಡು ಸಲ ಲೆಕ್ಕ ಮಾಡಿದ್ರೆ, ಇವಳ ಆಸ್ಪತ್ರೇಲಿ ಜಾಗ ಸಾಕಾಗ್ತಿರ್ಲಿಲ್ಲ."

ನಾನೂ ನಕ್ಕೆ. ಕಾರಣವನ್ನು ಮಾತ್ರ ಅವರಿಬ್ಬರಿಗೂ ಹೇಳಿರಲಿಲ್ಲ.

ಆರು ವರ್ಷದ ಹಿಂದೆ, ಮೂರು ದಿನದ ಮಗುವಿಗೆ 0.25 ಎಂದು ಬರೆಯಬೇಕಾದಲ್ಲಿ 2.5 ಎಂದು ಬರೆದಿದ್ದೆ. ಒಂದಿಷ್ಟೂ ಅನುಮಾನ ಬಂದಿರಲಿಲ್ಲ. ರಟ್ಟು ಮುಚ್ಚಿ ಮೇಡಂ ಕಡೆ ಸರಿಸಿದೆ. ಮೇಡಂ ಅಂದರೆ ನಮ್ಮ ಕೋಣೆಯ ಹಿರಿಯ ಫಾರ್ಮಸಿಸ್ಟ್. ನಾನು ಮಾಡಿದ್ದನ್ನು ಮತ್ತೆ ಮಾಡುವವರು ಅವರೇ. ರಟ್ಟು ಎತ್ತಿ ಸ್ವಲ್ಪ ಹೊತ್ತು ನೋಡಿದರು. "ಇನ್ನೊಂದ್ಸಲ ಮಾಡು" ಎಂದರು, ಅಷ್ಟೇ. ಒಂಬತ್ತು ದಿನದ ಮೇಲೆ ಆ ಮಗುವಿನ ತಾಯಿ, ಹುಷಾರಾದ ಕೂಸನ್ನು ಎತ್ತಿಕೊಂಡು ಮನೆಗೆ ಹೋಗುವ ಮುಂಚೆ, ಔಷಧಿ ಮಾಡಿದವರನ್ನು ನೋಡಬೇಕು ಎಂದು ನಮ್ಮ ಬಾಗಿಲಿಗೆ ಬಂದಳು. ನಾನು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋದೆ. ಅಂದಿನಿಂದ ನನ್ನ ಮೊದಲ ಉತ್ತರವನ್ನು ಯಾರೋ ಬೇರೆಯವರು ಬರೆದಿಟ್ಟು ಹೋದಂತೆ ಅನ್ನಿಸುತ್ತದೆ. ಆ ಬೇರೆಯವರ ಮೇಲೆ ನನಗೆ ನಂಬಿಕೆಯಿಲ್ಲ.

ಪರೀಕ್ಷೆಗೆ ಮೂರು ವಾರ ಇರುವಾಗ ಭಾವ ಒಂದು ಸ್ಲೇಟು ತಂದರು. ಮರದ ಚೌಕಟ್ಟಿನ, ಮಕ್ಕಳು ಬರೆಯುವ ಕಪ್ಪು ಸ್ಲೇಟು.

"ಇದನ್ನ ಮಡಚು ನೋಡೋಣ," ಎಂದರು.

ಮಡಚಲು ಆಗಲಿಲ್ಲ. ಉತ್ತರ ಬಂದ ಕೂಡಲೇ ಅವರೇ ಒದ್ದೆ ಬಟ್ಟೆಯಿಂದ ಒರೆಸಿಬಿಡುತ್ತಿದ್ದರು. ಮೊದಮೊದಲು ಬಟ್ಟೆಗೆ ಅಂಗೈ ಅಡ್ಡ ಇಡುತ್ತಿದ್ದೆ. ಎರಡನೆಯ ವಾರಕ್ಕೆ ಕೈ ಒಗ್ಗಿತು. ಆಗಲೂ ಕೊನೆಯಲ್ಲಿ ಎರಡು ಮೂರು ಪ್ರಶ್ನೆ ಉಳಿಯುತ್ತಿದ್ದವು.

"ತಪ್ಪಿಗೆ ಅಂಕ ಕಳೀತಾರಾ?"

"ಇಲ್ಲ."

"ಹಾಗಾದ್ರೆ ಸೀಟು ಖಾಲಿ ಯಾಕೆ ಬಿಡ್ತೀಯ? ಕೊನೇ ನಿಮಿಷದಲ್ಲಿ ಯಾರನ್ನಾದ್ರೂ ಕೂರಿಸು. ಏನಾದ್ರೂ ಒಂದು ಒತ್ತು."

ಅವರ ಎದುರು ಹಾಗೆಯೇ ಮಾಡುತ್ತಿದ್ದೆ. ಒತ್ತುವಾಗ ಬೇರೆ ಕಡೆ ನೋಡುತ್ತಿದ್ದೆ. ಕೊನೆಯ ಎರಡು ಅಭ್ಯಾಸ ಪರೀಕ್ಷೆಗಳಲ್ಲಿ ನೂರೈವತ್ತೇಳು ಬಂತು. ಎರಡೂ ಸಲ ಅಂಕಗಳನ್ನು ಕೂಡಿಸಿ ನೋಡಿದೆ. ಸರಿಯಿತ್ತು. ಅಕ್ಕ ಪಕ್ಕದ ಮನೆಯವರಿಗೆಲ್ಲ ಆಗಲೇ ಹೇಳಿಬಿಟ್ಟಿದ್ದಳು. ನಾನು ಬೇಡವೆನ್ನಲಿಲ್ಲ.

ಪರೀಕ್ಷೆಯ ಹಾಲಿನಲ್ಲಿ ಸ್ಲೇಟು ಇರಲಿಲ್ಲ. ಕಂಪ್ಯೂಟರಿನ ಪಕ್ಕದಲ್ಲಿ ಪಿನ್ ಹೊಡೆದ ಮೂರು ಬಿಳಿ ಹಾಳೆ, ಎರಡು ಪೆನ್ಸಿಲ್. ಹಾಳೆ ಕೊಡುತ್ತಾರೆಂದು ನನಗೆ ಗೊತ್ತಿಲ್ಲದೆ ಇರಲಿಲ್ಲ, ಇದೇ ಹಾಲಿಗೆ ಎರಡು ಸಲ ಬಂದವಳು. ಕೈಗಳನ್ನು ಹದ್ದುಬಸ್ತಿನಲ್ಲಿಟ್ಟುಕೊಂಡರಾಯಿತು ಎಂದುಕೊಂಡೆ. ಎಂಟು ಪ್ರಶ್ನೆ ಹನ್ನೆರಡು ನಿಮಿಷದಲ್ಲಿ ಮುಗಿದವು. ಎಂಟೂ ಒಂದೊಂದೇ ಸಲ.

ಒಂಬತ್ತನೆಯದು ದ್ರಾವಣದ ಲೆಕ್ಕ. ಇಪ್ಪತ್ತೈದು ಪರ್ಸೆಂಟಿನ ನಲವತ್ತು ಲೀಟರಿಗೆ ಎಷ್ಟು ಲೀಟರ್ ನೀರು ಸೇರಿಸಿದರೆ ಹತ್ತು ಪರ್ಸೆಂಟ್ ಆಗುತ್ತದೆ? ಅರವತ್ತು. ನಿದ್ದೆಗಣ್ಣಿನಲ್ಲೂ ಹೇಳುವ ಲೆಕ್ಕ. ಕೆಳಗೆ ಆಯ್ಕೆಗಳನ್ನು ನೋಡಿದೆ. 0.6. 6. 60. 600. ಒಂದರ ಕೆಳಗೊಂದು ನಾಲ್ಕೂ ನಿಂತಿದ್ದವು. ಅವುಗಳಲ್ಲಿ ವ್ಯತ್ಯಾಸವೆಂದರೆ ಒಂದು ಚುಕ್ಕೆ, ಒಂದೆರಡು ಸೊನ್ನೆ.

ನನ್ನ ಕೈ ಹಾಳೆ ಮಡಚುತ್ತಿರುವುದು ನನಗೆ ಗೊತ್ತಾಗಿದ್ದು ಮೇಲ್ವಿಚಾರಕಿ ಪಕ್ಕದಲ್ಲಿ ಬಂದು ನಿಂತಾಗ.

"ಹಾಳೆ ಮಡಚೋ ಹಾಗಿಲ್ಲ, ಮೇಡಂ," ಎಂದಳು ಪಿಸುಮಾತಿನಲ್ಲಿ.

"ಉತ್ತರ ಮುಚ್ಚಿಟ್ಟೆ, ಅಷ್ಟೇ."

"ಯಾರಿಗೆ ಕಾಣ್ದೆ ಇರ್ಲಿ ಅಂತ? ಎಲ್ರಿಗೂ ಬೇರೆ ಬೇರೆ ಪ್ರಶ್ನೆ ಇರುತ್ತೆ."

"ನನಗೆ."

ಅವಳು ಕೆಟ್ಟವಳಲ್ಲ, ನಿಯಮ ಹಾಗಿತ್ತು. ಹಾಳೆಗಳನ್ನು ತೆಗೆದುಕೊಂಡು ಹೋಗಿ, ಪುಸ್ತಕದಲ್ಲಿ ಏನೋ ಬರೆದು, ನನ್ನ ಸಹಿ ಹಾಕಿಸಿಕೊಂಡು ಹೊಸ ಹಾಳೆ ಕೊಟ್ಟಳು. ಪರದೆಯ ಮೂಲೆಯ ಗಡಿಯಾರದಲ್ಲಿ ನಾಲ್ಕು ನಿಮಿಷ ಹೋಗಿತ್ತು. ಒಂಬತ್ತನೆಯದನ್ನು ಮೊದಲಿನಿಂದ ಮಾಡಿದೆ. ಅರವತ್ತು. ಎಡ ಅಂಗೈಯಿಂದ ಮುಚ್ಚಿ ಇನ್ನೊಮ್ಮೆ ಮಾಡಿದೆ. ಅರವತ್ತೇ. ಹತ್ತನೆಯದನ್ನೂ ಹಾಗೆಯೇ ಮಾಡಿದೆ, ಹನ್ನೊಂದನೆಯದನ್ನೂ. ತಟ್ಟೆ ಬಾರಿಸುವವರು ಅಲ್ಲಿ ಯಾರೂ ಇರಲಿಲ್ಲ.

ಕೊನೆಯ ನಿಮಿಷ ಬಂದಾಗ ಏಳು ಪ್ರಶ್ನೆ ಉಳಿದಿದ್ದವು. ಭಾವನ ಮಾತು ನೆನಪಿಲ್ಲದೆ ಇರಲಿಲ್ಲ. ಹದಿನಾಲ್ಕನೆಯದನ್ನು ತೆರೆದು ಮೌಸಿನ ಮೇಲೆ ಬೆರಳಿಟ್ಟೆ. ನಾಲ್ಕು ಅಂಕಿಗಳಿದ್ದವು, ಯಾವುದನ್ನೂ ನಾನು ಲೆಕ್ಕ ಮಾಡಿರಲಿಲ್ಲ. ಬೆರಳು ಅಲ್ಲೇ ಇತ್ತು. ಪರದೆ ತಾನಾಗಿ ಬದಲಾಯಿತು.

ಭಾವ ಗೇಟಿನ ಹತ್ತಿರ ನಿಂತಿದ್ದರು, ಪಾಳಿ ಬದಲಾಯಿಸಿಕೊಂಡು ಬಂದಿದ್ದರು.

"ಪರದೆ ಮೇಲೇ ಬಂತು. ನೂರ ನಲವತ್ತೆಂಟು," ಎಂದೆ.

"ಖಾಲಿ ಎಷ್ಟು?"

"ಏಳು."

"ಏಳಾ! ಏನಾದ್ರೂ ಒಂದು ಒತ್ತೋದಲ್ವಾ ತಾಯಿ? ಅಷ್ಟು ಸಲ ಹೇಳಿದ್ನಲ್ಲ."

"ಲೆಕ್ಕ ಮಾಡಿರ್ಲಿಲ್ಲ, ಭಾವ."

ಅವರು ಬಸ್ ಸ್ಟಾಪಿನ ಕಡೆ ನಡೆದರು. ನಾವು ಹತ್ತಿದ ಬಸ್ಸಿನ ಡ್ರೈವರ್ ಅವರ ಗೆಳೆಯ. "ಏನಪ್ಪಾ, ಇವತ್ತು ಪ್ಯಾಸೆಂಜರ್ರಾ?" ಎಂದು ಕಿಚಾಯಿಸಿದ. ಭಾವ ನಗದೆ ಎರಡು ಟಿಕೆಟ್ ತೆಗೆದುಕೊಂಡರು. ಮನೆಯಲ್ಲಿ ಅಕ್ಕ ನಮ್ಮ ಮುಖ ನೋಡಿ ಹೊಲಿಗೆಗೆ ಕೂತಳು. ಸ್ಲೇಟು ಅಡುಗೆಮನೆಯ ಮೇಜಿನ ಮೇಲೆಯೇ ಇತ್ತು. ತೆಗೆದು ಕಪಾಟಿನ ಹಿಂದೆ ನಿಲ್ಲಿಸಿದೆ.

ಮರುದಿನ ಕೋಣೆಯ ಮೂಲೆಯಲ್ಲಿ ಯಂತ್ರ ಬಂದು ನಿಂತಿತ್ತು, ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ಬಿಚ್ಚಿರಲಿಲ್ಲ. ಮೇಡಂ ಕನ್ನಡಕ ಒರೆಸುತ್ತ ಕೇಳಿದರು, "ಏನಾಯ್ತು?"

"ಆಗ್ಲಿಲ್ಲ, ಮೇಡಂ."

"ಅಂಕ ಸರಿಯಾಗಿ ನೋಡ್ಕೊಂಡ್ಯಾ?"

"ಎರಡು ಸಲ ನೋಡ್ದೆ."

ಅವರು ತಲೆಯಾಡಿಸಿದರು. ಆಮೇಲೆ ಒಂದು ಹಾಳೆಯನ್ನು ನನ್ನ ಕಡೆ ಸರಿಸಿದರು, ಉತ್ತರದ ಮೇಲೆ ರಟ್ಟು. ಎರಡು ಕಿಲೋ ತೂಕದ ಮಗು. ನಾನು ಬೇರೆ ಹಾಳೆ ತೆಗೆದುಕೊಂಡು ಮೊದಲಿನಿಂದ ಲೆಕ್ಕ ಮಾಡಿ, ರಟ್ಟು ಎತ್ತಿದೆ. ಎರಡೂ ಒಂದೇ ಇದ್ದವು. ಸಹಿ ಹಾಕಿದೆ. ವರ್ಷದ ಕೊನೆಗೆ ಇನ್ನು ಎಪ್ಪತ್ತೊಂದು ದಿನ ಇತ್ತು.