ತುಂಬದ ಡಬ್ಬಿ

ಏಳು ಸಮುದ್ರದಾಚೆಯ ಗಿಳಿಯೊಳಗೆ ರಾಕ್ಷಸನ ಜೀವ ಇರುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ನನ್ನ ಅಣ್ಣ ಅಜಿತನ ಜೀವ ಮೂಡಿಗೆರೆಯ ಆಸ್ಪತ್ರೆಯೊಂದರ ಪ್ಲಾಸ್ಟಿಕ್ ಡಬ್ಬಿಯಲ್ಲಿತ್ತು.

ನೋವಿನ ಇಂಜೆಕ್ಷನ್ನಿನ ಚಟ ಬಿಡಿಸುವ ಹೊಸ ಮಾತ್ರೆಯ ಸಂಶೋಧನೆ ಅಲ್ಲಿ ನಡೆಯುತ್ತಿತ್ತು; ಅಣ್ಣನೂ ಅದಕ್ಕೆ ಸೇರಿದ್ದ. ಬಾಯಿಮಾತನ್ನು ಅವರು ನಂಬುತ್ತಿರಲಿಲ್ಲ. ವಾರವಾರವೂ ಮೂತ್ರ ಪರೀಕ್ಷೆ. ಅತ್ತಿಗೆ ಪಂಚಮಿಯೂ ನಂಬುವುದನ್ನು ಬಿಟ್ಟಿದ್ದಳು. 'ಈ ಸಲದ ರಿಪೋರ್ಟ್ ಸರಿ ಬಂದ್ರೆ ವಾಪಸ್ ಬರ್ತೀನಿ' ಎಂದು ತವರಿನಿಂದ ಹೇಳಿಕಳಿಸಿದ್ದಳು. ಮಳೆಗಾಲ ಶುರುವಾದಾಗಿನಿಂದ ಅಣ್ಣ ಸೂಜಿ ಮುಟ್ಟಿರಲಿಲ್ಲ. ನನಗೆ ಗೊತ್ತು.

ಯಾರೋ ಮಗುವಿನ ಮೂತ್ರ ತಂದುಕೊಟ್ಟು ಸಿಕ್ಕಿಬಿದ್ದಿದ್ದರು. ಹಾಗಾಗಿ ಆ ವಾರ ಹೊಸ ನಿಯಮ: ಅಟೆಂಡರ್ ದೇವರಾಜ ಎದುರಿಗೇ ನಿಂತು ನೋಡಬೇಕು.

ನಮ್ಮದು ಸಂಸೆಯ ಪುರೋಹಿತರ ಮನೆ. ಅಣ್ಣ ಜನಿವಾರವನ್ನು ಕಿವಿಗೆ ಸುತ್ತಿ, ಮೂಲೆಗೆ ತಿರುಗಿ ಕುಕ್ಕರಗಾಲಲ್ಲಿ ಕೂತನಂತೆ. ಬಾಗಿಲ ಹೊರಗಿದ್ದ ನನಗೆ ಕೇಳಿಸಿದ್ದು ದೇವರಾಜನ ಸ್ವರ ಮಾತ್ರ.

"ಎದ್ ನಿಂತ್ಕಳಿ ಭಟ್ರೇ. ಈ ಕಡೆ ತಿರುಗಿ."

ಮತ್ತೆ ಅವನದೇ ಸ್ವರ.

"ಮಾತಾಡಿ ಮಾರಾಯ್ರೇ! ಕೊಡ್ತೀರೋ ಇಲ್ವೋ?"

ಜನಿವಾರ ಕಿವಿಯ ಮೇಲಿದ್ದಾಗ ಅಣ್ಣ ಬಾಯಿ ಬಿಡುವವನಲ್ಲ. ಅಪ್ಪ ಕಲಿಸಿದ್ದು. ಚಟಕ್ಕೆ ಬಿದ್ದು ಸಂಧ್ಯಾವಂದನೆ ಬಿಟ್ಟಿದ್ದರೂ ಅದೊಂದನ್ನು ಬಿಟ್ಟಿರಲಿಲ್ಲ.

ದೇವರಾಜ ಹೊರಬಂದ. "ಕೊಡಲ್ಲ ಅಂತಾರೆ."

"ಅಣ್ಣ ಏನೂ ಅಂದೇ ಇಲ್ವಲ್ಲ!"

"ಅದೇ, ಏನೂ ಅನ್ಲಿಲ್ಲ."

ಚೊಂಬುಗಟ್ಟಲೆ ನೀರು ಕುಡಿಸಿ ಮತ್ತೆ ಒಳಗೆ ಕಳಿಸಿದೆ. ದೇವರಾಜನ ಕಣ್ಣೆದುರು ಒಂದು ಹನಿಯೂ ಬರಲಿಲ್ಲ.

ಡಾಕ್ಟರ್ ಪ್ರೇಮಕುಮಾರಿ ಗಡಿಯಾರ ನೋಡಿದರು. "ಸ್ಯಾಂಪಲ್ ಕೊಡದಿದ್ರೆ ಇಂಜೆಕ್ಷನ್ ತಗೊಂಡಿದಾರೆ ಅಂತ್ಲೇ ಲೆಕ್ಕಮ್ಮ. ಸಂಶೋಧನೆಯ ನಿಯಮ."

"ತಗೊಂಡಿಲ್ಲ ಮೇಡಂ."

"ಇರಬಹುದು."

ಇರಬಹುದಂತೆ!

ಬಸ್ಸು ಬಣಕಲ್ ದಾಟುವಷ್ಟರಲ್ಲಿ ಅಣ್ಣ ಸೀಟಿನಲ್ಲಿ ಒದ್ದಾಡತೊಡಗಿದ. ಕಂಡಕ್ಟರನ್ನು ಅಂಗಲಾಚಿ ಇಳಿದು, ಕಾಫಿ ತೋಟದ ಬೇಲಿಯ ಹಿಂದಕ್ಕೆ ಓಡಿದ. ಬಸ್ಸಿನವರೆಲ್ಲ ನಕ್ಕರು. ಕಂಡಕ್ಟರ್ ವಿಷಲ್ ಊದಿದ, ಮತ್ತೆ ಊದಿದ, ಅಣ್ಣ ಬರಲೊಲ್ಲ. ಇಡೀ ಬೆಳಿಗ್ಗೆ ನಾವು ಬೇಡಿಕೊಂಡದ್ದೆಲ್ಲ ಯಾರದೋ ತೋಟದ ಮಣ್ಣಿಗೆ ಇಳಿಯುತ್ತಿತ್ತು.

ಅವನು ಹತ್ತಿದೊಡನೆ ಬ್ಯಾಗಿನಿಂದ ಆಸ್ಪತ್ರೆಯ ಖಾಲಿ ಡಬ್ಬಿ ತೆಗೆದು ಅವನ ಮಡಿಲಿಗೆ ಎಸೆದೆ. "ಇದನ್ನ ತಗೊಂಡ್ಹೋಗಿ ಹಿಡೀಬಾರ್ದಿತ್ತಾ? ವಾಪಸ್ ಹೋಗಿ ಕೊಡ್ತಿದ್ವಿ!"

"ದೇವರಾಜ ನೋಡಿದ್ನಾ?" ಎಂದ, ಒದ್ದೆ ಕೈ ಒರೆಸಿಕೊಳ್ಳುತ್ತ.

ಕೊಟ್ಟಿಗೆಹಾರದಲ್ಲಿ ಬಸ್ಸು ನಿಂತಾಗ ಬೂತಿನಿಂದ ಅತ್ತಿಗೆಗೆ ಫೋನ್ ಮಾಡಿದೆ. ಜನಿವಾರ, ದೇವರಾಜ, ಬೇಲಿ, ಎಲ್ಲ ಹೇಳಿದೆ.

"ಕಥೆ ಕಟ್ಟೋದು ನಿಂಗೆ ಅಜ್ಜಿಯಿಂದ ಬಂದಿದೆ ಅಮೂಲ್ಯಾ," ಎಂದಳು. "ರಿಪೋರ್ಟಲ್ಲಿ ಏನು ಬರೆದ್ರು, ಅದು ಹೇಳು."

ಹೇಳಿದೆ. ಅವಳು ಫೋನ್ ಇಟ್ಟಳು.