ಸಿ ಲಮೀನನ ತಡೆಗುಂಡಿ

ಸಿ ಲಮೀನ್ ಚೋರ್ಬಾ ಸಾರು ಹೀರುವ ಸದ್ದು ಕೇಳಿದರೆ ಶದ್ಲಿಯಾಗೆ ಖಾಲಿ ಹೊಟ್ಟೆಯಲ್ಲೂ ವಾಕರಿಕೆ ಬರುತ್ತಿತ್ತು. ಮಹದಿಯಾ ಬಂದರು ಕಚೇರಿಗೆ ಆತ ಯಜಮಾನ, ಅದಕ್ಕೇ ಹೆಸರಿನ ಹಿಂದೆ 'ಸಿ' ಎಂಬ ಗೌರವ. ಟ್ಯೂನಿಸ್‌ನಿಂದ ಟೆಲಿಫೋನ್ ತಂತಿಯಲ್ಲಿ ಬರುವ ಹವಾಮಾನ ಸುದ್ದಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕಾಗದಕ್ಕೆ ಅಚ್ಚು ಹಾಕಿಸುವುದು ಶದ್ಲಿಯಾಳ ಕೆಲಸ. ರಂಜಾನಿನಲ್ಲಿ ಸುದ್ದಿ ಬರುವ ಹೊತ್ತಿಗೇ ಉಪವಾಸ ಮುರಿಯುವ ಫಿರಂಗಿಯೂ ಹಾರುತ್ತದೆ. ಅಚ್ಚುಯಂತ್ರದ ಕಟಕಟ ಸದ್ದು ಊಟಕ್ಕೆ ಅಡ್ಡಿಯೆಂದು ಈ ಮಹಾಶಯ ಅದನ್ನು ನಿಲ್ಲಿಸುವ ತಡೆಗುಂಡಿ ಒತ್ತಿಬಿಡುತ್ತಿದ್ದ.

ಅಂದೂ ಒತ್ತಿದ.

"ಒತ್ಬೇಡಿ ಅಂದ್ನಲ್ಲ ಸಿ ಲಮೀನ್! ಈ ಮೋಡೆಮ್ಮಿನ ಹೊಟ್ಟೆ ಇಷ್ಟೇ ಇಷ್ಟು. ಅತ್ಲಾಗಿಂದ ಟ್ಯೂನಿಸ್‌ನವ್ರು ಸುದ್ದಿ ಸುರೀತಾನೇ ಇರ್ತಾರೆ, ಇತ್ಲಾಗೆ ನೀವು ತಡೆದ್ರೆ ಹೆಚ್ಚಾಗಿದ್ದು ಚೆಲ್ಲಿಹೋಗುತ್ತೆ."

"ಚೆಲ್ಲೋಕೆ ಅದೇನು ಎಣ್ಣೇನಾ? ಕೂತ್ಕೊಂಡು ಖರ್ಜೂರ ತಿನ್ನು."

ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಕಿಟಕಿಯಾಚೆ ಶದ್ಲಿಯಾಳ ತಮ್ಮ ಜಿಲಾನಿ ದೋಣಿ ಸಜ್ಜುಮಾಡಿಕೊಂಡು ಕಚೇರಿಯ ಮೇಲಿನ ಹಸಿರು ದೀಪಕ್ಕೆ ಕಾಯುತ್ತಿದ್ದ. ಅದು ಹೊತ್ತಿಕೊಳ್ಳದೆ ಯಾರೂ ಕಡಲಿಗಿಳಿಯುವಂತಿಲ್ಲ.

ಲಮೀನ್ ಕೈ ತೊಳೆದು ಬಂದು ಗುಂಡಿ ಬಿಟ್ಟಾಗ ಟ್ಯೂನಿಸ್‌ನವರು ಕೊನೆಯ ಸಾಲಿಗೆ ಬಂದಿದ್ದರು. ಕಾಗದದ ಮೇಲೆ ಮೂಡಿತು: ಪೂರ್ವ ಕರಾವಳಿ, ಸಂಜೆ ಕಡಲು ಶಾಂತ, ಆಮೇಲೆ ಮೀನುಗಾರ ಬಂಧುಗಳಿಗೆ ರಂಜಾನ್ ಶುಭಾಶಯ.

"ನೋಡು, ಶುಭಾಶಯ ಬಂತು. ಶುಭಾಶಯ ಬಂತು ಅಂದ್ರೆ ಸುದ್ದಿ ಪೂರ್ತಿ ಬಂತು."

"'ಕಡಲು ಶಾಂತ, ಆಮೇಲೆ' ಅಂದ್ಮೇಲೆ ಏನ್ರೀ? ಮಧ್ಯದ್ದೆಲ್ಲಿ ಚೆಲ್ತು?"

"ಆಮೇಲೆ ದೇವರಿದ್ದಾನೆ." ತಾನೇ ಹಸಿರು ದೀಪ ಹಾಕಿದ. ಹಾಕಿದವನು ಫೋನೆತ್ತಿ ಅತ್ತೆಗೆ ಶುಭಾಶಯ ಹೇಳುತ್ತ ಕುಳಿತ! ಸುದ್ದಿಯ ಯಂತ್ರಕ್ಕೂ ಮಾತಿನ ಫೋನಿಗೂ ಇದ್ದದ್ದು ಅದೊಂದೇ ತಂತಿ. ಹೊರಗೆ ಎಂಜಿನ್ನುಗಳು ಗುಡುಗಿದವು. ಛೀ, ಇವನೂ ಒಬ್ಬ ಮನುಷ್ಯನೇ ಎಂದು ಅವಳ ಮೈಯೆಲ್ಲ ಉರಿಯಿತು.

"ಇಡ್ರೀ ಫೋನು! ನಿಮ್ಮತ್ತೆ ಎಲ್ಲೂ ಓಡಿಹೋಗಲ್ಲ!" ಎಂದು ಕಿತ್ತುಕೊಂಡಳು. ಇನ್ನೊಮ್ಮೆ ಕಳಿಸಿರೆಂದು ಟ್ಯೂನಿಸ್‌ನವರನ್ನು ಕೇಳಿಕೊಂಡಳು.

ಈ ಸಲ ಪೂರ್ತಿ ಬಂತು. ಆಮೇಲೆ ಬಿರುಗಾಳಿ, ಎರಡಾಳೆತ್ತರದ ಅಲೆ, ಯಾವ ದೋಣಿಯೂ ಕಡಲಿಗಿಳಿಯಕೂಡದು.

ಕೆಂಪು ದೀಪ ಹಾಕಿ ಸೈರನ್ ಕೂಗಿಸಿದಳು. ದೋಣಿಗಳು ಒಂದೊಂದಾಗಿ ತಿರುಗಿದವು. ಎಲ್ಲರಿಗಿಂತ ಮುಂದೆ ಹೋಗಿದ್ದ ಜಿಲಾನಿಯ ದೋಣಿ ಚುಕ್ಕಾಣಿ ಮುರಿದುಕೊಂಡಿತ್ತು. ಇನ್ನೊಂದು ದೋಣಿ ಅದನ್ನು ಎಳೆದು ತಂದಿತು.

ಲಮೀನ್ ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ ನಿಂತು ಜಿಲಾನಿಗೆ ಹೇಳಿದ: "ಹಾಳು ಯಂತ್ರ ಕಣಪ್ಪ, ನಂಬೋ ಹಾಗೇ ಇಲ್ಲ." ಮೂರೂ ಬಿಟ್ಟವರು ಊರಿಗೆ ದೊಡ್ಡವರು!

ಮರುದಿನ ಫಿರಂಗಿ ಹಾರಿತು. ನಾಚಿಕೆಯಿಲ್ಲದ ಆ ಬೆರಳು ಮತ್ತೆ ಅಲ್ಲಿಗೇ ಹೋಯಿತು. ಗುಂಡಿಯಿದ್ದ ಜಾಗದಲ್ಲಿ ಬರೀ ತೂತಿತ್ತು.

"ಗುಂಡಿ ಎಲ್ಲಮ್ಮ?"

"ನನ್ನ ತಮ್ಮ ಹೋಗ್ಬೇಕಾಗಿದ್ದ ಜಾಗದಲ್ಲಿದೆ ಸಿ ಲಮೀನ್, ಕಡಲ ತಳದಲ್ಲಿ. ಚೋರ್ಬಾ ಕುಡೀರಿ, ಆರಿಹೋಗುತ್ತೆ."