ಮುನ್ನೂರ ನಲವತ್ತು ತುಣುಕುಗಳ ಟ್ಯಾಂಕು

ನಾನು ಒಂದು ಪುಟ್ಟ ಟ್ಯಾಂಕು. ನಿಜವಾದ ಯುದ್ಧದ ಟ್ಯಾಂಕಿನ ಮೂವತ್ತೈದರಲ್ಲಿ ಒಂದು ಪಾಲು. ಎರಡು ಅಂಗೈ ಜೋಡಿಸಿದರೆ ಅದರ ಮೇಲೆ ನಿಲ್ಲುತ್ತೇನೆ. ಹುಟ್ಟಿದಾಗ ನನಗೆ ಆಕಾರವೇ ಇರಲಿಲ್ಲ. ಒಂದು ರಟ್ಟಿನ ಪೆಟ್ಟಿಗೆಯೊಳಗೆ, ಹಸಿರು ಪ್ಲಾಸ್ಟಿಕ್ ಕಡ್ಡಿಗಳಿಗೆ ಕಚ್ಚಿಕೊಂಡ ಮುನ್ನೂರ ನಲವತ್ತು ತುಣುಕುಗಳಾಗಿದ್ದೆ. ಅವುಗಳಲ್ಲಿ ಸಾಸಿವೆ ಕಾಳಿನಷ್ಟು ಸಣ್ಣವೂ ಇದ್ದವು.

ನನ್ನನ್ನು ಧಾರವಾಡದ ಮಾಳಮಡ್ಡಿಯ ಮನೆಗೆ ತಂದವನು ಅಶೋಕ. ಅವನ ತಂದೆ ಬಸಲಿಂಗಪ್ಪ ತಲ್ಲೂರ ಸೈನ್ಯದಲ್ಲಿ ಇಪ್ಪತ್ತೆಂಟು ವರ್ಷ ಟ್ಯಾಂಕ್ ಓಡಿಸಿ, ರಿಸಾಲ್ದಾರರಾಗಿ ನಿವೃತ್ತರಾಗಿದ್ದರು. ಪೆಟ್ಟಿಗೆಯ ಮೇಲಿನ ಚಿತ್ರ ಕಂಡು ಅವರ ಕಣ್ಣು ತುಂಬಿತು. "ಇದs ಗಾಡಿ ನೋಡಪಾ ನಂದು" ಎಂದರು. ಅಂದೇ ಕಿಟಕಿಯ ಹತ್ತಿರ ಮೇಜು ಹಾಕಿಸಿ ಕೂತರು.

ಆದರೆ ಅವರ ಕೈ ನಡುಗುತ್ತಿತ್ತು. ಮೊದಲ ಗಾಲಿಯೇ ಜಾರಿ ನೆಲಕ್ಕೆ ಬಿತ್ತು. ಎರಡನೆಯದರ ಅಂಚು ಬ್ಲೇಡಿಗೆ ಸಿಕ್ಕಿ ಸೀಳಿತು. ನಾಲ್ಕನೆಯ ದಿನ ಅವರು ಪೆಟ್ಟಿಗೆ ಮುಚ್ಚಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಆಗ ಬಂದವಳು ಸೊಸೆ ಕಸ್ತೂರಿ, ಅಶೋಕನ ಹೆಂಡತಿ. ಹುಬ್ಬಳ್ಳಿಯಲ್ಲಿ ಅವಳ ತಂದೆಗೆ ರೇಡಿಯೊ ರಿಪೇರಿ ಅಂಗಡಿ ಇತ್ತು. ಮದುವೆಯಾಗುವವರೆಗೆ ಅವಳು ಅಲ್ಲಿಯೇ ಕೂತು ಕೂದಲೆಳೆಯಂಥ ತಂತಿಗಳನ್ನು ಬೆಸೆದವಳು. ನೆಲದ ಮೇಲೆ ಬಿದ್ದಿದ್ದ ಗಾಲಿಯನ್ನು ಹುಡುಕಿ ತೆಗೆದು, ಟ್ರಂಕಿನಿಂದ ತನ್ನ ಹಳೆಯ ಚಿಮಟ ತಂದಳು.

"ಮಾವಾರ, ನೀವು ಹೇಳ್ರಿ. ನಾ ಜೋಡಸ್ತೀನಿ."

"ನಿನಗ ಟ್ಯಾಂಕ್ ಬಗ್ಗೆ ಏನ ಗೊತ್ತೈತೆವಾ?"

"ನಿಮಗ ಗೊತ್ತೈತಲ್ರೀ."

ಹೀಗೆ ನನ್ನ ಒಳ್ಳೆಯ ದಿನಗಳು ಶುರುವಾದವು. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅವಳು ಸೆರಗು ಸಿಕ್ಕಿಸಿಕೊಂಡು ಬಂದು ಕೂರುವಳು. ಪ್ರತಿ ತುಣುಕನ್ನೂ ಕಡ್ಡಿಯಿಂದ ಬಿಡಿಸಿ, ಉಜ್ಜಿ, ಊದಿ, ಸೂಜಿಯ ತುದಿಯಿಂದ ಅಂಟು ಹಚ್ಚುವಳು. ನನ್ನ ಚೈನಿನ ಒಂದೊಂದು ಕೊಂಡಿಯನ್ನೂ ಉಸಿರು ಹಿಡಿದು ಸೇರಿಸಿದಳು. ಮಾವನವರು ಪಕ್ಕದಲ್ಲಿ ಕೂತು, ಮರಳಿನಲ್ಲಿ ಗಾಡಿ ಹೂತಾಗ ಏನು ಮಾಡಿದರು, ಒಳಗೆ ಎಷ್ಟು ಕಾವು ಇರುತ್ತಿತ್ತು, ಎಲ್ಲವನ್ನೂ ಹೇಳುವರು. ಮಗನಿಗೂ ಹೇಳದ ಮಾತುಗಳವು. "ಇಲ್ಲೊಂದು ತಗ್ಗು ಬಿದ್ದಿತ್ತು ನೋಡವಾ" ಎಂದರೆ ಅವಳು ಅಲ್ಲೇ ತಗ್ಗು ಮಾಡುವಳು. ಬಣ್ಣ ಬಳಿದ ಮೇಲೆ ನನ್ನ ಗಾಲಿಗಳಿಗೆ ಮಣ್ಣಿನ ಪುಡಿ ಕೂಡ ಹಚ್ಚಿದಳು. ಆರು ತಿಂಗಳಿಗೆ ನಾನು ಪೂರ್ತಿಯಾದೆ.

ಮಾವನವರು ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು. "ಯವ್ವಾ ಕಸ್ತೂರಿ, ಸಂಘದ ಕಾರ್ಯಕ್ರಮಕ್ಕ ಇದನ್ನ ಒಯ್ಯೋಣು. ಎಲ್ಲಾರ ಮುಂದ ನಿನ್ನ ಹೆಸರ ಹೇಳ್ತೀನಿ. ಸೊಸಿ ಮಾಡ್ಯಾಳ ಅಂತೀನಿ."

ಅವಳು ನಕ್ಕು ತಲೆ ತಗ್ಗಿಸಿದಳು. ಆ ಮಾತನ್ನು ಅವಳಷ್ಟೇ ಅಲ್ಲ, ನಾನೂ ನಂಬಿದೆ.

ಮಾಜಿ ಸೈನಿಕರ ಸಂಘದ ಆ ಕಾರ್ಯಕ್ರಮಕ್ಕೆ ಕಸ್ತೂರಿ ಮದುವೆಯ ಇಳಕಲ್ ಸೀರೆ ಉಟ್ಟಳು. ಆಟೋದಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಎತ್ತಿ ಹಿಡಿದಳು. ಸಭೆಯಲ್ಲಿ ಹೆಂಗಸರಿಗೆ ಹಿಂದಿನ ಸಾಲು. ನಾನು ಮುಂದೆ ಮೇಜಿನ ಮೇಲೆ, ಮಾವನವರ ಪಕ್ಕದಲ್ಲಿ.

ಅತಿಥಿಯಾಗಿ ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರು ನನ್ನ ಮೇಲೆ ಬಾಗಿದರು. "ಎಷ್ಟು ನಾಜೂಕಾಗಿದೆ! ಯಾರು ಮಾಡಿದ್ದು ಇದು?"

ಮಾವನವರ ಜೊತೆ ದುಡಿದವರೆಲ್ಲ ಸುತ್ತ ನಿಂತಿದ್ದರು. ಮಾವನವರ ಬಲಗೈ ಆಗಲೇ ಕೋಟಿನ ಜೇಬಿನಲ್ಲಿತ್ತು. ಅದು ಒಳಗೇ ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು.

"ನಾನs ಮಾಡೀನ್ರಿ ಸಾಹೇಬ್ರ" ಎಂದರು.

"ಈ ವಯಸ್ಸಿನಲ್ಲೂ ಕೈ ಇಷ್ಟು ಗಟ್ಟಿಯೇ?"

"ಟ್ಯಾಂಕ್ ಓಡಿಸಿದ ಕೈ ಅಲ್ರೀ."

ಚಪ್ಪಾಳೆ ಬಿತ್ತು. ಹಿಂದಿನ ಸಾಲಿನಲ್ಲಿ ಕಸ್ತೂರಿ ಅರ್ಧ ಎದ್ದಿದ್ದಳು, ಹೆಸರು ಕರೆಯುತ್ತಾರೆಂದು. ಸೀರೆಯ ನೆರಿಗೆ ಸರಿಪಡಿಸಿಕೊಳ್ಳುವವಳ ಹಾಗೆ ಮಾಡಿ ಮತ್ತೆ ಕೂತಳು. ನಾನು ಬಾಯಿಲ್ಲದವನು. ನನ್ನ ತೋಪು ಆ ಸಭೆಯ ಕಡೆಗೇ ಮುಖ ಮಾಡಿತ್ತು. ಆದರೂ ಒಂದು ಸದ್ದು ಹೊರಡಿಸಲಾಗಲಿಲ್ಲ.

ವಾಪಸು ಬರುವಾಗ ನಾನು ಮಾವನವರ ತೊಡೆಯ ಮೇಲಿದ್ದೆ. ಒಂದು ಗುಂಡಿಯಲ್ಲಿ ಆಟೋ ಕುಲುಕಿ, ನನ್ನ ತೋಪು ಕೂತ ಗೋಪುರದ ಮೇಲಿನ ಪುಟ್ಟ ಮಷಿನ್ ಗನ್ ಮುರಿದು ಬಿತ್ತು. ಮರುದಿನ ಪೇಪರಿನಲ್ಲಿ ಮಾವನವರ ಮತ್ತು ನನ್ನ ಫೋಟೋ ಬಂತು. ಮಾವನವರು ಮುರಿದ ಗನ್ನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಇದೊಂದು ಅಂಟಿಸಿ ಕೊಡವಾ."

"ನೀವs ಮಾಡೀರಲ್ಲ ಮಾವಾರ. ನೀವs ಅಂಟಸ್ರಿ."

ಅವರು ತಾವೇ ಕೂತು ನೋಡಿದರು. ಅಂಟು ಚೆಲ್ಲಿ ನನ್ನ ಗೋಪುರದ ಒಂದು ಮಗ್ಗುಲು ಕರಗಿತು. ಕೊನೆಗೆ ಗನ್ನನ್ನು ಬೆಂಕಿಪೊಟ್ಟಣದಲ್ಲಿಟ್ಟು ನನ್ನ ಪಕ್ಕ ಇಟ್ಟರು. ಎಷ್ಟೋ ದಿನದ ಮೇಲೆ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, "ತಪ್ಪಾತವಾ. ನನ್ನ ಕೈ ನಡಗೂದು ಅವರಿಗೆ ಗೊತ್ತಾಗಬಾರದಂತ ಹಂಗ ಅಂದೆ" ಎಂದರು.

ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಅಲ್ಲಿ ಹೇಳಬೇಕಾದ್ದನ್ನ ಇಲ್ಲಿ ಹೇಳ್ತೀರಿ."

ಅವಳು ಊಟ ಬಡಿಸಿದಳು, ಔಷಧಿ ಕೊಟ್ಟಳು, ಕೊನೆಗಾಲದಲ್ಲಿ ಅವರ ಮೈ ಒರೆಸಿದಳು. ಆದರೆ ಕಿಟಕಿಯ ಆ ಮೇಜಿಗೆ ಮತ್ತೆ ಬಂದು ಕೂರಲಿಲ್ಲ. ಮರಳಿನ ಕತೆಗಳೂ ನಿಂತವು. ಎರಡು ವರ್ಷಕ್ಕೆ ಮಾವನವರು ತೀರಿಕೊಂಡರು.

ತಿಂಗಳಾದ ಮೇಲೆ ಸಂಘದ ಕಾರ್ಯದರ್ಶಿ ಹುಲಕೋಟಿಯವರು ಬಂದರು. ಸಂಘದಲ್ಲಿ ನನಗೊಂದು ಗಾಜಿನ ಕಪಾಟು ಮಾಡಿಸಿದ್ದರಂತೆ. ಬೆಂಕಿಪೊಟ್ಟಣ ತೆರೆದು ನೋಡಿ ಲೊಚಗುಟ್ಟಿದರು. "ಇದನ್ನ ಇನ್ಯಾರು ಜೋಡಸ್ತಾರ? ಮಾಡಿದವರs ಹೋದ್ರು."

"ಮಾಡಿದಾಕಿ ಇಲ್ಲೇ ಅದೀನ್ರಿ" ಎಂದಳು ಕಸ್ತೂರಿ.

ಅವರು ನಕ್ಕರು. ಅವಳು ಒಳಗೆ ಹೋಗಿ ಚಿಮಟ ತಂದಳು. ನಿಂತಲ್ಲೇ ಸೂಜಿಯಲ್ಲಿ ಒಂದು ಹನಿ ಅಂಟು ಎತ್ತಿ, ಗನ್ನನ್ನು ಕೂರಿಸಿ, ಹತ್ತು ಎಣಿಸುವಷ್ಟು ಹೊತ್ತು ಹಿಡಿದು ಬಿಟ್ಟಳು. ಹುಲಕೋಟಿಯವರ ನಗು ನಿಂತಿತು. ಅವರಿಗೆ ಎಲ್ಲವೂ ತಿಳಿಯಿತು.

"ಫಲಕ ಬರಿಸಿ ಆಗೇತ್ರಿ ಅಕ್ಕಾರ, ಹಿತ್ತಾಳಿದು. ಹೋದವರ ಹೆಸರು ತಗಿಯೂದು ಚಂದ ಕಾಣೂದಿಲ್ಲ."

"ಹಂಗಾರ ಫಲಕ ಅಷ್ಟs ಇಡ್ರಿ. ಟ್ಯಾಂಕ್ ಇಲ್ಲೇ ಇರ್ಲಿ."

ಆಗ ಅಶೋಕ ಎದ್ದ. ಆರು ತಿಂಗಳು ದಿನಾ ಸಂಜೆ ಅವಳ ಬೆರಳಿನ ಅಂಟಿನ ಕಲೆ ನೋಡಿದವನು ಅವನು. "ಅಪ್ಪನ ಮರ್ಯಾದಿ ಪ್ರಶ್ನೆ ಐತಿ ಕಸ್ತೂರಿ, ಸುಮ್ಮನಿರು" ಎಂದು ನನ್ನನ್ನು ಎತ್ತಿ ಹುಲಕೋಟಿಯವರ ಕೈಗೆ ಕೊಟ್ಟ.

ಈಗ ನನಗೆ ವಯಸ್ಸಾಗಿದೆ. ಬಿಸಿಲಿಗೆ ಹಸಿರು ಮಾಸಿದೆ, ಚೈನು ಜೋತುಬಿದ್ದಿದೆ. ಸಂಘಕ್ಕೆ ಬಂದವರು ಫಲಕ ಓದಿ ರಿಸಾಲ್ದಾರರ ಕೈಚಳಕ ಹೊಗಳಿ ಹೋಗುತ್ತಾರೆ.

ಕಸ್ತೂರಿ ಒಂದೇ ಸಲ ಬಂದಳು, ಗಂಡನ ಜೊತೆ, ಯಾವುದೋ ಸಮಾರಂಭಕ್ಕೆ. ತಲೆಗೂದಲು ನೆರೆತಿತ್ತು. ಗಾಜಿನ ಹತ್ತಿರ ಬಂದು ನನ್ನ ಗಾಲಿ, ಕೊಂಡಿ, ಗನ್ನು ಎಲ್ಲವನ್ನೂ ನಿಧಾನವಾಗಿ ನೋಡಿದಳು. ಪಕ್ಕದಲ್ಲಿ ನಿಂತಿದ್ದ ಹೆಂಗಸು ಕೇಳಿದಳು, "ನಿಮ್ಮ ಮಾವಾರು ಮಾಡಿದ್ದೇನ್ರೀ ಇದು?"

ನಾನು ಕಾದೆ.

"ಹೌದ್ರಿ" ಎಂದಳು ಕಸ್ತೂರಿ. ಸೆರಗು ಹೊದ್ದು ಹಿಂದಿನ ಸಾಲಿಗೆ ಹೋಗಿ ಕೂತಳು.

ಮಾವನವರ ಮೇಲೆ, ಅಶೋಕನ ಮೇಲೆ ನನಗಿರುವ ಸಿಟ್ಟು ಹಳೆಯದು. ಆ ದಿನ ಅವಳ ಮೇಲೂ ಬಂತು, ಬಹಳ ದಿನ ಇತ್ತು. ಈಗ ಇಲ್ಲ. ಎಷ್ಟು ಸಲ ಹೇಳಿ ಸೋತ ಮೇಲೆ ಮನುಷ್ಯರು ಹೌದು ಎನ್ನುತ್ತಾರೆ ಎಂಬುದು ಗಾಜಿನ ಒಳಗಿರುವ ನನಗೆ ಹೇಗೆ ಗೊತ್ತಾಗಬೇಕು?